ಬೇಸಿಗೆ ರಜೆ, ಬೆಂಗಳೂರು ಮತ್ತು ಒಂದು ಪೀಪಾಯಿ ನೀರು

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ನಮ್ಮಂಥ ಸಣ್ಣ ಊರಿನ ಹೆಂಗಸರಿಗೆ ಬೆಂಗಳೂರಿನ ನಂಟರ ನೆನಪಾಗುವುದು ಸಹಜ. ತಂಗಿಯ ಮನೆಯೋ, ಮಗನ ಬಾಡಿಗೆ ಮನೆಯೋ, ನಾದಿನಿಯ ಮಗಳ ಮದುವೆಯೋ, ಹೋಗಲು ಒಂದು ನೆಪ ಸಾಕು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ತುಂಬಿದ ಚೀಲದ ಮೂಲೆಯಲ್ಲಿ ಒಂದು ಓಡೋಮಾಸ್ ಟ್ಯೂಬು, ಒಂದು ಡಬ್ಬಿ ಸೊಳ್ಳೆಬತ್ತಿಯೂ ಸೇರಿಕೊಳ್ಳುತ್ತವೆ. "ಅಲ್ಲಿ ಸೊಳ್ಳೆ ಕಾಟ ಹೇಳತೀರದು" ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಹೇಳುವವರಿಗೂ ಕೇಳುವವರಿಗೂ ತಿಳಿಯದ ಸಂಗತಿಯೆಂದರೆ, ಈ ದೂರು ಆ ಊರಿನಲ್ಲಿ ನೂರನಲವತ್ತು ವರ್ಷಗಳಷ್ಟು ಹಳೆಯದು. ಅದಕ್ಕೆ ಸರಿಯಾದ ಪರಿಹಾರ ಹೊಳೆದದ್ದೂ ಅಲ್ಲಿಯೇ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ವೈದ್ಯ ಬೆಂಗಳೂರು ದಂಡಿಗೆ ಬಂದ. ಅಲ್ಮೋರದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿದವನು. ಬಂಗಲೆ ಅವನಿಗೆ ಒಪ್ಪಿಗೆಯಾದರೂ ಅಲ್ಲಿಯ ಸೊಳ್ಳೆಗಳು ಒಪ್ಪಿಗೆಯಾಗಲಿಲ್ಲ. ಬೇರೆಯವರ ಮನೆಗಿಂತ ತನ್ನ ಕೋಣೆಯಲ್ಲೇ ಇವು ಯಾಕೆ ಹೆಚ್ಚು ಎಂದು ಹುಡುಕುತ್ತಾ ಹೋದಾಗ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಇಣುಕಿದರೆ ನೀರಿನ ತುಂಬ ಮಿಡುಕಾಡುವ ಹುಳುಗಳು. ಪೀಪಾಯಿಯನ್ನು ಬುಡಮೇಲು ಮಾಡಿಸಿದ, ಸೊಳ್ಳೆ ಕಡಿಮೆಯಾಯಿತು. ದಂಡಿನ ಅಧಿಕಾರಿಯೊಬ್ಬನಿಗೆ ಇದನ್ನು ತಿಳಿಸಿ, ನೀರು ನಿಲ್ಲುವ ಉಳಿದ ಪಾತ್ರೆಗಳನ್ನೂ ಖಾಲಿ ಮಾಡಿಸೋಣವೆಂದರೆ ಆತ ಒಪ್ಪಲಿಲ್ಲ. ಅದು ಸೃಷ್ಟಿನಿಯಮವನ್ನು ಕೆಡಿಸಿದಂತೆ, ಸೊಳ್ಳೆಯನ್ನೂ ದೇವರು ಏನೋ ಉದ್ದೇಶದಿಂದಲೇ ಮಾಡಿರಬೇಕು, ಸಹಿಸಿಕೊಳ್ಳುವುದೇ ಧರ್ಮ ಎಂಬುದು ಅವನ ವಾದವಾಗಿತ್ತು. ಆ ದೊರೆ ಒಂದು ದಿನವಾದರೂ ಹಿತ್ತಿಲ ಹಂಡೆ ತೊಳೆದಿದ್ದರೆ ಈ ಮಾತು ಆಡುತ್ತಿರಲಿಲ್ಲವೇನೋ!

ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ. ಮಲೇರಿಯಾ ಎಂಬ ಹೆಸರಿಗೇ ಕೆಟ್ಟ ಗಾಳಿ ಎಂದರ್ಥ. ಜೌಗುನೆಲದ ಗಾಳಿಯಿಂದ ಜ್ವರ ಬರುತ್ತದೆಂದು ಜನ ನಂಬಿದ್ದ ಕಾಲ ಅದು. 1895ರಲ್ಲಿ ಅವನು ಮತ್ತೆ ಬೆಂಗಳೂರಿಗೆ ಬಂದದ್ದು ಕಾಲರಾ ತಡೆಯುವ ಕೆಲಸದ ಮೇಲೆ. ಕೆರೆ, ಬಾವಿ, ಕಲ್ಯಾಣಿಗಳ ನೀರನ್ನೇ ನಂಬಿದ್ದ ಊರದು. ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದುಬಂದದ್ದು 1896ರಲ್ಲಿ.

ಮುಂದಿನ ಕಥೆ ಸಿಕಂದರಾಬಾದಿನದು. 1897ರ ಬೇಸಗೆ, ಮಳೆಗಾಲಗಳಲ್ಲಿ ರಾಸ್ ಅಲ್ಲಿ ಒಂದೊಂದೇ ಸೊಳ್ಳೆಯನ್ನು ಸೀಳಿ ನೋಡುತ್ತಾ ಕುಳಿತ. ಪಂಖ ಬೀಸಿದರೆ ಸೊಳ್ಳೆ ಹಾರಿಹೋಗುತ್ತದೆಂದು ಅದನ್ನೂ ನಿಲ್ಲಿಸಿದ್ದ. ಹಣೆಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಜ್ವರದ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಅದರೊಳಗೇ ಸೊಳ್ಳೆಗಳನ್ನು ಬಿಡಲಾಯಿತು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ, ಹತ್ತು ಸೊಳ್ಳೆಗೆ ಅವನಿಗೆ ದಕ್ಕಿದ್ದು ಹತ್ತಾಣೆ. ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಹೊಟ್ಟೆಯಲ್ಲಿ ಮಲೇರಿಯಾದ ಜೀವಿ ಕಾಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಪರೀಕ್ಷಿಸಿ, ಅದು ಸೊಳ್ಳೆಯ ಜೊಲ್ಲಿನ ಮೂಲಕ ಹರಡುವುದನ್ನು ರಾಸ್ ತೋರಿಸಿದ. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾವು ತರಗತಿಯಲ್ಲಿ ಇಷ್ಟನ್ನು ಪಾಠ ಮಾಡುತ್ತೇವೆ. ಹುಸೇನ್ ಖಾನನ ಹತ್ತಾಣೆಯಾಗಲಿ, ಬೆಂಗಳೂರಿನ ಪೀಪಾಯಿಯಾಗಲಿ ಪಾಠದಲ್ಲಿ ಬರುವುದಿಲ್ಲ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಕು ಬರೆದುಹೋಗುತ್ತಿದ್ದವರನ್ನು ನನ್ನ ವಯಸ್ಸಿನವರು ಮರೆತಿರಲಾರರು. 1965ರ ಹೊತ್ತಿಗೆ ರೋಗಿಗಳ ಲೆಕ್ಕ ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಮೈಮರೆತದ್ದೂ, ಡಿಡಿಟಿಗೆ ಸೊಳ್ಳೆ ಒಗ್ಗಿಹೋದದ್ದೂ ಸೇರಿ 1976ರಲ್ಲಿ ಲೆಕ್ಕ 64 ಲಕ್ಷ ದಾಟಿತು. ನಗರದ ಮಲೇರಿಯಾ ಸೊಳ್ಳೆಗೆ ಜೌಗುನೆಲವೇ ಬೇಕಾಗಿಲ್ಲ. ಬಾವಿ, ತಾರಸಿಯ ತೊಟ್ಟಿಗಳ ತಿಳಿನೀರೇ ಅದಕ್ಕೆ ತವರುಮನೆ.

ಇಂದು ಬೆಂಗಳೂರಿಗೆ ಹೋಗುವವರು ಹೆಚ್ಚು ಹೆದರುವುದು ಡೆಂಗಿಗೆ. ಅದನ್ನು ಹರಡುವ, ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಪರದೆ ಕಟ್ಟಿದೆನೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇದರ ಮೊಟ್ಟೆ ನೀರಿನಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಎಂದು ಗಂಡಸರು ನಗುವುದುಂಟು. ಅದೂ ತನ್ನ ಮೊಟ್ಟೆಗಾಗಿ ಕಚ್ಚುತ್ತದೆ ಎನ್ನುವುದನ್ನು ಅವರು ಹೇಳುವುದಿಲ್ಲ.

ತಿಕ್ಕಿ ತೊಳೆಯುವ ಈ ಕೆಲಸ ಯಾರ ಪಾಲಿಗೆ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿದವು. ಟ್ಯಾಂಕರಿಗೆ ಕಾದು ನಿಂತು, ಸಿಕ್ಕಿದ ನೀರನ್ನು ಡ್ರಮ್ಮು, ಬಕೆಟ್ಟು, ಕೊನೆಗೆ ಪಾತ್ರೆಗಳಲ್ಲೂ ಹಿಡಿದಿಟ್ಟವರು ಹೆಂಗಸರು. ಅದೇ ವರ್ಷ ಡೆಂಗಿ ರಾಜ್ಯದಲ್ಲೆಲ್ಲ ಹೆಚ್ಚಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಮಾಡಿದ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ನಿಯಮ ತಪ್ಪೆಂದು ನಾನು ಹೇಳಲಾರೆ. ಜ್ವರದಿಂದ ಮಗು ನರಳುವುದನ್ನು ಕಂಡವರಾರೂ ಹೇಳಲಾರರು. ಆದರೆ ನಲ್ಲಿಯಲ್ಲಿ ದಿನವೂ ನೀರು ಬರುವ ಮನೆಯಲ್ಲಿ ಡ್ರಮ್ಮು ಯಾಕಿರುತ್ತದೆ? ನೀರು ಕೂಡಿಡುವುದು ಹೆಣ್ಣಿನ ಗೀಳಲ್ಲ, ನಾಳೆ ಬಾರದೆಂಬ ಭಯ. ಆ ಭಯವನ್ನು ಕಳೆಯದೆ ಬರೀ ಡ್ರಮ್ಮನ್ನು ದೂರುವುದು ಅರ್ಧ ನ್ಯಾಯ.

ಉಳಿದರ್ಧ ನಮ್ಮ ಕೈಯಲ್ಲಿದೆ. ಮೊಟ್ಟೆಯೊಡೆದು ರೆಕ್ಕೆ ಬರಲು ಸೊಳ್ಳೆಗೆ ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಪಾತ್ರೆ ತಿಕ್ಕಿ ತೊಳೆದರೆ ಆ ಸರಪಳಿ ಕಡಿಯುತ್ತದೆ. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯನ್ನು ಬಿಗಿದು ಕಟ್ಟಿದರೂ ಸೊಳ್ಳೆ ಒಳಗಿಳಿಯದು. ಕೂಲರಿನ ತೊಟ್ಟಿ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತಾರಸಿಯ ಮೇಲಿನ ಒಡಕು ಬಕೆಟ್ಟು, ಇವನ್ನೂ ಮರೆಯಬಾರದು. ಮಕ್ಕಳಿಗೆ ಹಗಲಲ್ಲೂ ತುಂಬುತೋಳಿನ ಹತ್ತಿಯ ಅಂಗಿ ಹಾಕಬೇಕು.

ಈ ಸಲ ನಂಟರ ಮನೆಗೆ ಹೋದಾಗ ಉಪ್ಪಿನಕಾಯಿ ಕೊಟ್ಟು ಕಾಫಿ ಕುಡಿದ ಮೇಲೆ, ಆ ಮನೆಯ ಗಂಡಸರನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ತಾರಸಿ ಹತ್ತಿ ಒಂದು ಸುತ್ತು ಬನ್ನಿ. ಪೀಪಾಯಿ ಬುಡಮೇಲು ಮಾಡುವ ಯೋಚನೆ ಬೆಂಗಳೂರಿನಲ್ಲಿ ಮೊದಲು ಬಂದದ್ದು ಒಬ್ಬ ಗಂಡಸಿಗೇ ಎಂದು ಅವರಿಗೂ ಹೇಳಿ, ಸಂಕೋಚವಿಲ್ಲದೆ ಕೈಹಚ್ಚುತ್ತಾರೆ.