ದೀಪಾ ಹಚ್ಚೋ ಹೊತ್ತಿನ ಬ್ಯಾಟಿ

ನಮ್ಮಲ್ಲಿ ದೀಪಾ ಹಚ್ಚೋ ಹೊತ್ತಿನ್ಯಾಗ ಕಸಾ ಹೊಡೀಬಾರದು, ಉಗರ ತಕ್ಕೋಬಾರದು ಅಂತಾರಲ್ಲಾ, ಹಳೇ ರಷ್ಯಾದಾಗ ಅದ ಹೊತ್ತಿಗೆ ಜಮೀನ್ದಾರರು ಬಂದೂಕ ಹೆಗಲಿಗೇರಿಸಿ ಅಡವಿಗೆ ಹೋಗತಿದ್ರು. ಹಿಮಾ ಕರಗಿ ವಸಂತ ಬಂದ ಮ್ಯಾಲೆ, ಸೂರ್ಯ ಮುಳುಗೋದಕ್ಕ ಒಂದ್ ಸ್ವಲ್ಪ ಮುಂಚೆ. ಓಡಾಟ ಇಲ್ಲಾ, ಬೆನ್ನಟ್ಟೋದಿಲ್ಲಾ. ಒಂದು ಗಿಡದ ಹತ್ತರ ಸುಮ್ನ ನಿಂದರೋದು, ಅಷ್ಟ.

ಅವರು ಕಾಯೋ ಹಕ್ಕಿ ವುಡ್‌ಕಾಕ್. ತೂಕ ಸುಮಾರು 300 ಗ್ರಾಂ, ನಮ್ಮ ಪಾರಿವಾಳದಷ್ಟು. ಉದ್ದ ಚುಂಚು, ತಲಿ ಹಿಂದಕ್ಕ ಸರದು ಕೂತ ದೊಡ್ಡ ಕಪ್ಪು ಕಣ್ಣು. ಹಿಂದ ಬರೋರನ್ನೂ ತಲಿ ತಿರಗಸದ ನೋಡತದ. ಮೈಬಣ್ಣ ಒಣಗಿದ ಎಲಿ ಇದ್ದಂಗ, ಹಗಲಿನ್ಯಾಗ ಕಾಲಬುಡಕ ಕೂತಿದ್ರೂ ಕಾಣಂಗಿಲ್ಲಾ. ವಸಂತದ ಸಂಜಿಗೆ ಗಂಡು ಹಕ್ಕಿ ಗಿಡದ ತುದಿ ಮಟಾ ಮ್ಯಾಲೆದ್ದು ಸಾವಕಾಶ ಹಾರಕೋತ ಸುತ್ತ ಹಾಕತದ. ಗಂಟಲಾಗ ಎರಡ ಮೂರು ಸರತೆ ಕೊರ್ ಕೊರ್ ಅಂತದ, ಆಮ್ಯಾಲೆ ಸಣ್ಣಾಗಿ ಶೀನಿಧಂಗ ಚಿಸಿಕ್ ಅಂತದ. ಕೆಳಗ ಎಲ್ಯೋ ಹೆಣ್ಣು ಕೂತಿರತದ, ಅದಕ್ಕ ಕೇಳಲಿ ಅಂತ.

ಈ ಹಾರಾಟಕ್ಕ ರಷ್ಯನ್ನರು 'ತ್ಯಾಗಾ' ಅಂತಾರ. ನಮ್ಮ ತ್ಯಾಗಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ ಮತ್ತ! ಅವರ ಮಾತಿನ್ಯಾಗ ಎಳಿಯೋದು ಅನ್ನೋ ಶಬ್ದದಿಂದ ಬಂದದ್ದು. ಆದ್ರ ಮೊದಲನೇ ಸಲ ಓದಿದಾಗ ನನಗ ಝಲ್ ಅಂದಿದ್ದು ಖರೆ. ಪ್ರೀತಿ ಮಾಡಲಿಕ್ಕೆ ಹಾರೋ ಹಕ್ಕಿನ್ನ, ಅದು ಕೂಗಿ ಕೂಗಿ ತಾನ ಇರೋ ಜಾಗಾ ಹೇಳೋ ಹೊತ್ತಿನ್ಯಾಗ ಹೊಡಿಯೋದಂದ್ರ!

ತುರ್ಗೆನೇವ್ ಅನ್ನೋ ಕಥಿಗಾರರು 1847ರಾಗ ಇದರ ಮ್ಯಾಲೆ ಒಂದು ಕಥಿ ಬರದ್ರು. ಆಮ್ಯಾಲೆ 1852ರಾಗ 'ಬ್ಯಾಟಿಗಾರನ ಟಿಪ್ಪಣಿಗಳು' ಅನ್ನೋ ಪುಸ್ತಕದಾಗ ಅದು ಸೇರತು. ಶುರುವಿನ್ಯಾಗ ತ್ಯಾಗಾ ಅಂದ್ರೇನು ಅಂತ ಓದೋರಿಗೆ ತಿಳಿಸಿ ಹೇಳತಾರ. ಬೆಳಕು ಇಳಿಯೋದು, ಹಕ್ಕಿಗಳು ಒಂದೊಂದ ಸುಮ್ಮನಾಗೋದು, ಚುಕ್ಕಿ ಮೂಡೋದು. ನಾವು ಬ್ಯಾಟಿ ಕಥಿ ಓದಲಿಕ್ಕತ್ತೀವಿ ಅಂತ ತಿಳಕೋತೀವಿ. ಆದ್ರ ರಾತ್ರಿ ಉಳೀಲಿಕ್ಕೆ ಅವರು ಹತ್ತರದ ಹಿಟ್ಟಿನ ಗಿರಣಿಗೆ ಹೋಗತಾರ, ಅಲ್ಲೆ ಗಿರಣಿಯವನ ಹೆಂಡತಿ ಅರೀನಾ ಹಾಲು, ತತ್ತಿ, ಬಟಾಟಿ, ರೊಟ್ಟಿ ತಂದ ಕೊಡತಾಳ. ಖರೇ ಕಥಿ ಅಲ್ಲಿಂದ ಶುರು.

ಅರೀನಾ ಜೀತದಾಕಿ. ಹುಡಿಗಿದ್ದಾಗ ಒಬ್ಬ ದೊಡ್ಡ ಮನಿಯಾಕಿ ಅಕಿನ್ನ ಹಳ್ಳಿಯಿಂದ ಕರಕೊಂಡ ಹೋಗಿ ದಾಸಿ ಮಾಡಕೊಂಡಿದ್ಲು. ಆ ಬಾಯಾರಿಗೆ ಒಂದು ನೇಮ: ಮದವಿ ಆದ ದಾಸಿಯರು ಬ್ಯಾಡ. ಮಕ್ಕಳು ಮರಿ ಆದ್ರ ಬಾಯಾರ ಸೇವಾ ಯಾರು ಮಾಡಬೇಕು? ಹತ್ತ ವರ್ಷ ದುಡದ ಮ್ಯಾಲೆ ಅರೀನಾ ಮಾಲಕರ ಕಾಲಿಗೆ ಬಿದ್ದು ಮದವಿಗೆ ಅಪ್ಪಣಿ ಕೇಳಿದ್ಲು. ಬೈಸಿಕೊಂಡ್ಲು. ಮತ್ತೊಮ್ಮೆ ಕೇಳಿದ್ಲು, ಮತ್ತ ಇಲ್ಲಾ. ಕಡೀಕ ಮನಿ ಆಳು ಪೆತ್ರೂಷ್ಕಾನ ಜೋಡಿ ಅಕಿ ಸಂಬಂಧ ಗೊತ್ತಾದಾಗ ಕೂದಲಾ ಕತ್ತರಿಸಿ, ಒರಟ ಅರಿವಿ ಉಡಿಸಿ ಹಳ್ಳಿಗೆ ಅಟ್ಟಿದ್ರು. ಪೆತ್ರೂಷ್ಕಾನ ಸೈನ್ಯಕ್ಕ ಕಳಿಸಿದ್ರು. ಮುಂದ ಗಿರಣಿಯವ ರೊಕ್ಕಾ ಕೊಟ್ಟು ಅಕಿನ್ನ ಬಿಡಿಸಿಕೊಂಡ. ಇದನ್ನ ಕಥಿಗಾರನಿಗೆ ಮೊದಲ ಹೇಳಿದವರು ಆ ಮಾಲಕರ. ಅದೂ ಹೆಂಗ? "ಈ ಮಂದಿಗೆ ಉಪಕಾರದ ನೆನಪ ಇರಂಗಿಲ್ಲಾ ನೋಡ್ರಿ" ಅನ್ನೋ ಧಾಟಿಯೊಳಗ! ಅರೀನಾ ತಾ ಹೆಚ್ಚೇನೂ ಹೇಳಂಗಿಲ್ಲಾ. ಮಕ್ಕಳು? ಒಂದಿತ್ತು, ತೀರಿಕೊಂಡತು.

ಸಂಜಿಗೆ ಜೋಡಿ ಹುಡಕೋ ಹಕ್ಕಿ, ರಾತ್ರಿಗೆ ಜೋಡಿ ಕಳಕೊಂಡ ಹೆಂಗಸು. ತುರ್ಗೆನೇವ್ ಎರಡನ್ನೂ ಬಾಜೂಕ ಇಟ್ಟು ಸುಮ್ಮನಾಗಿಬಿಡತಾರ. ಜೀತ ಕಾಯದೇಶೀರ ಹೋಗಿದ್ದು 1861ರಾಗ. ಅದಕ್ಕ ಈ ಪುಸ್ತಕದ್ದೂ ಪಾಲದ ಅಂತ ಹೇಳತಾರ.

ಟಾಲ್‌ಸ್ಟಾಯ್ ಅವರ 'ಆನ್ನಾ ಕರೆನಿನಾ'ದಾಗೂ ತ್ಯಾಗಾ ಬರತದ. ಲೆವಿನ್ ಬಂದೂಕ ಹಿಡಕೊಂಡ ನಿಂತಾಗ, ತನ್ನ ಬ್ಯಾಡ ಅಂದಿದ್ದ ಕಿಟ್ಟಿ ಜಡ್ಡ ಬಿದ್ದಾಳ ಅನ್ನೋದು ಅವಗ ತಿಳಿಯೋದ ಅಲ್ಲೆ.

ಆದ್ರ ನನ್ನ ಮನಸಿನ್ಯಾಗ ಉಳದದ್ದು ಚೆಖವ್ ಅವರ ಪತ್ರ. 1892ರಾಗ ಮಾಸ್ಕೋ ಹತ್ತರ ಮೆಲಿಖೊವೊ ಅನ್ನೋ ಹಳ್ಳಿಯೊಳಗ ಮನಿ ಜಮೀನು ಕೊಂಡಿದ್ರು. ಏಪ್ರಿಲ್‌ದಾಗ ಗೆಳ್ಯಾ, ಚಿತ್ರಕಾರ ಲೆವಿತಾನ್ ಬಂದ್ರು. ಇಬ್ಬರೂ ತ್ಯಾಗಾಕ್ಕ ಹೋದ್ರು. ಲೆವಿತಾನ್ ಹೊಡೆದ ಗುಂಡು ರೆಕ್ಕಿಗೆ ತಾಗಿ ಹಕ್ಕಿ ನೀರ ನಿಂತ ತಗ್ಗಿನ್ಯಾಗ ಬಿತ್ತು. ಚೆಖವ್ ಎತ್ತಿಕೊಂಡ್ರ, ಜೀವಾ ಇನ್ನೂ ಇತ್ತು, ಬೆರಗಾಗಿ ನೋಡಲಿಕ್ಕತ್ತಿತ್ತು. ಲೆವಿತಾನ್ ಕಣ್ಣ ಮುಚ್ಚಿ, ಧ್ವನಿ ನಡಗಿಸಿಕೋತ, ಬಂದೂಕಿನ ಹಿಡಕಿಗೆ ಅದರ ತಲಿ ಬಡದಬಿಡು ಅಂತ ಬೇಡಕೊಂಡ್ರು. ಡಾಕ್ಟರ್ ಆದ ಚೆಖವ್‌ಗೂ ಕೈ ಬರಲಿಲ್ಲಾ. ಕಡೀಕ ಮಾಡಲೇಬೇಕಾತು. ಪ್ರೀತಿಯೊಳಗಿದ್ದ ಒಂದು ಚಂದನ ಜೀವಾ ಕಮ್ಮಿ ಆತು, ಇಬ್ಬರು ಮೂರ್ಖರು ಮನಿಗೆ ಬಂದು ಊಟಕ್ಕ ಕೂತರು ಅನ್ನೋ ಅರ್ಥ ಬರೋಹಂಗ ಗೆಳ್ಯಾ ಸುವೊರಿನ್‌ಗೆ ಬರದಾರ. ನಾಕ ವರ್ಷದ ಮ್ಯಾಲೆ ರಂಗಕ್ಕ ಬಂದ ಅವರ 'ಸೀಗಲ್' ನಾಟಕದಾಗ ಒಬ್ಬ ಹುಡುಗ ತಾ ಹೊಡದ ಹಕ್ಕಿನ್ನ ಪ್ರೀತಿಸಿದ ಹುಡಿಗಿ ಕಾಲ ಮುಂದ ಇಡತಾನ. ಎರಡನ್ನೂ ಕೂಡಿಸಿ ಓದೋರು ಭಾಳ ಮಂದಿ ಇದ್ದಾರ.

ನನಗೋ, ಊಟಾ ಅಂದ ಕೂಡಲೆ ಅಡಗಿಮನಿ ನೆನಪಾತು. ಮೆಲಿಖೊವೊ ಮನಿಯೊಳಗ ಅವ್ವ ಇದ್ಲು, ತಂಗಿ ಮಾಶಾ ಇದ್ಲು. ಯುರೋಪಿನ ಮಂದಿ ಈ ಹಕ್ಕಿನ್ನ ಕರಳ ಸಮೇತ ಸುಟ್ಟು ಬ್ರೆಡ್ಡಿನ ಮ್ಯಾಲೆ ಬಡಸತಿದ್ರು. (ಮೂಗ ಮುರೀಬ್ಯಾಡ್ರಿ ವೈನಿ, ಅವರ ರೂಢಿ ಅವರಿಗೆ.) ಆವತ್ತಿಂದು ಒಲಿಗೆ ಹೋತೋ ಏನೋ. ಹೋಗಿದ್ರ ಗರಿ ಕಿತ್ತವರು ಆ ಇಬ್ಬರು ಗಂಡಸರಂತೂ ಇರಲಿಕ್ಕಿಲ್ಲಾ.

ಈಗ ಯುರೋಪಿನ್ಯಾಗ, 1979ರ ಹಕ್ಕಿ ಕಾಯದೆ ಬಂದಾಗಿಂದ, ಮರಿ ಮಾಡೋ ಕಾಲದಾಗ ಹೊಡಿಯೋಹಂಗಿಲ್ಲಾ. ರಷ್ಯಾದಾಗ ವಸಂತಕ್ಕ ಕೆಲವು ದಿನ ಪರವಾನಗಿ ಕೊಡತಾರ. ನಮ್ಮಲ್ಲಿ 1972ರ ವನ್ಯಜೀವಿ ಕಾಯದೆ ಅದ. ಚಳಿಗಾಲಕ್ಕ ಈ ಹಕ್ಕಿ ನೀಲಗಿರಿ ತನಕಾ ಇಳದ ಬರತದ, ಆದ್ರ ಇಲ್ಲೆ ಅದರ ಪ್ರೀತಿ ಹಾಡು ಕೇಳಸಂಗಿಲ್ಲಾ. ಸಂಜಿಗೆ ಸುಮ್ನ ಅಡವಿ ಬಿಟ್ಟು ಹಸೀ ಮಣ್ಣಿಗೆ ಬಂದು ಎರೆಹುಳಾ ಹುಡಕತದ. ತತ್ತಿ ಇಡೋದು ಉತ್ತರಕ್ಕ ಹೋದ ಮ್ಯಾಲೆ, ನೆಲದಾಗ, ಎಲಿ ನಡುವ, ನಾಕು. ಸುಮಾರು 22 ದಿನ ಹೆಣ್ಣು ಒಂದ ಕಾವಿಗೆ ಕೂಡತದ. ಗಂಡು ಆವಾಗ ಮ್ಯಾಲೆ ಹಾರಕೋತ ಇರತದ.