‘ಉಚಿತ’ ಎಂಬ ಮಾತಿನ ಎರಡು ಅರ್ಥ

‘ಉಚಿತ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಬೆಲೆ ತೆರದೆ ದೊರೆಯುವುದು ಒಂದು. ಯೋಗ್ಯವಾದದ್ದು, ತಕ್ಕುದಾದದ್ದು ಮತ್ತೊಂದು. ಅಮೆರಿಕದ ಸಂಯುಕ್ತ ಸಂಸ್ಥಾನ ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಮಾಡಿದ ಕಾಯಿದೆ ಈ ಎರಡನ್ನೂ ಒಟ್ಟಿಗೆ ಕೊಡುವುದಾಗಿ ಮಾತು ಕೊಟ್ಟಿತು. ಎರಡನೆಯ ಅರ್ಥಕ್ಕಾಗಿ ನಡೆದ ವಿವಾದದ ಚರಿತ್ರೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಅದಕ್ಕೂ ಮೊದಲು ಶಾಲೆಯ ಬಾಗಿಲೇ ಇಂಥ ಅನೇಕ ಮಕ್ಕಳಿಗೆ ಮುಚ್ಚಿತ್ತು. ಐದು ವರ್ಷದ ಮಗುವಿನ ಬುದ್ಧಿಮಟ್ಟವನ್ನು ಮುಟ್ಟದವರಿಗೆ ಪ್ರವೇಶವನ್ನು ನಿರಾಕರಿಸಲು ಪೆನ್ಸಿಲ್ವೇನಿಯದ ಕಾನೂನು ಅವಕಾಶವಿತ್ತಿತ್ತು. ತಂದೆತಾಯಿಯರ ಸಂಘವೊಂದು ನ್ಯಾಯಾಲಯಕ್ಕೆ ಹೋಗಿ 1971ರಲ್ಲಿ ಆ ಬಾಗಿಲನ್ನು ತೆರೆಸಿತು. ಮರುವರ್ಷ ವಾಷಿಂಗ್ಟನ್ ನಗರದ ಶಿಕ್ಷಣ ಮಂಡಲಿ ತನ್ನಲ್ಲಿ ಹಣವಿಲ್ಲವೆಂದಾಗ, ಕೊರತೆಯ ಭಾರವನ್ನು ಈ ಮಕ್ಕಳ ಮೇಲೆಯೇ ಹೆಚ್ಚಾಗಿ ಹೊರಿಸಲಾಗದೆಂದು ನ್ಯಾಯಾಲಯ ಹೇಳಿತು. ದೇಶದಲ್ಲಿ ಅಂಥ ಎಂಬತ್ತು ಲಕ್ಷಕ್ಕೂ ಮಿಕ್ಕ ಮಕ್ಕಳಿದ್ದಾರೆ, ಅವರಲ್ಲಿ ಹತ್ತು ಲಕ್ಷ ಮಕ್ಕಳು ಸರಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು 1975ರ ಕಾಯಿದೆಯೇ ಒಪ್ಪಿಕೊಂಡಿತು. ಆ ವರ್ಷದ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಅದಕ್ಕೆ ಅಂಕಿತ ಹಾಕಿದರು. ಕೊಡಲಾಗುವುದಕ್ಕಿಂತ ಹೆಚ್ಚಿನದಕ್ಕೆ ಮಾತು ಕೊಟ್ಟಿದ್ದೇವೆಂಬ ಆತಂಕವನ್ನೂ ಆಗಲೇ ಆಡಿದರು.

ಬಾಗಿಲು ತೆರೆಯಿತು. ಒಳಗೆ ಬಂದ ಮಗುವಿಗೆ ಎಷ್ಟು ಸಲ್ಲಬೇಕು? ಈ ಪ್ರಶ್ನೆಯನ್ನು ಎತ್ತಿದವಳು ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಎಂಬ ಬಾಲಕಿ. ಅವಳಿಗೆ ಕಿವಿ ಕೇಳಿಸುತ್ತಿದ್ದುದು ಅತ್ಯಲ್ಪ, ತಂದೆತಾಯಿಯರಿಬ್ಬರೂ ಕಿವುಡರು. ಶಾಲೆ ಅವಳಿಗೆ ಶ್ರವಣಯಂತ್ರವನ್ನೂ ದಿನಕ್ಕೊಂದು ಗಂಟೆಯ ವಿಶೇಷ ಪಾಠವನ್ನೂ ವಾರಕ್ಕೆ ಮೂರು ಗಂಟೆಯ ವಾಕ್ ಚಿಕಿತ್ಸೆಯನ್ನೂ ಒದಗಿಸಿತು. ತರಗತಿಯಲ್ಲಿ ಸಂಜ್ಞಾಭಾಷೆಯ ದುಭಾಷಿಯೊಬ್ಬರು ಇರಲೆಂದು ಹೆತ್ತವರು ಕೇಳಿದಾಗ ಮಾತ್ರ, ಅದರ ಅಗತ್ಯವಿಲ್ಲವೆಂದಿತು. ಏಕೆಂದರೆ ತುಟಿಗಳ ಚಲನೆಯನ್ನು ಓದುವುದರಲ್ಲಿ ನಿಪುಣೆಯಾಗಿದ್ದ ಏಮಿ ಸರಾಸರಿ ಮಕ್ಕಳಿಗಿಂತ ಮೇಲಾಗಿಯೇ ಓದುತ್ತಿದ್ದಳು!

ಕೆಳಗಿನ ನ್ಯಾಯಾಲಯಗಳು ಏಮಿಯ ಪರವಾಗಿ ನಿಂತವು. ಮೊಕದ್ದಮೆಯ ವಾದ 1982ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯಿತು. ಅವಳ ವಕೀಲ ಮೈಕೆಲ್ ಚಾಟಾಫ್ ಸ್ವತಃ ಕಿವುಡರು. ನ್ಯಾಯಾಧೀಶರ ಪ್ರಶ್ನೆಗಳು ಅವರ ಮುಂದಿನ ಪರದೆಯ ಮೇಲೆ ಅಕ್ಷರಗಳಾಗಿ ಮೂಡುವಂತೆ ಏರ್ಪಾಡಾಗಿತ್ತು. ಆಡಿದ ಪ್ರತಿಯೊಂದು ಮಾತೂ ಮುಟ್ಟದೆ ವಾದ ಸಾಗದೆಂಬುದನ್ನು ಆ ನ್ಯಾಯಾಲಯ ತನ್ನ ಸಭಾಂಗಣದೊಳಗೆ ಮಾನ್ಯ ಮಾಡಿತು. ಆದರೆ ಜೂನ್ 28ರಂದು, ಆರು ಮಂದಿಯ ಬಹುಮತದಿಂದ ಏಮಿಯ ವಿರುದ್ಧ ತೀರ್ಪಿತ್ತಿತು. ಮಗುವಿಗೆ ಶಿಕ್ಷಣದಿಂದ ಒಂದಿಷ್ಟು ಪ್ರಯೋಜನವಾದರೆ ಸಾಕು, ಅದರ ಪೂರ್ಣ ಶಕ್ತಿ ಅರಳಬೇಕೆಂದು ಕಾಯಿದೆ ವಿಧಿಸಿಲ್ಲ ಎಂಬುದು ಅದರ ತಾತ್ಪರ್ಯ. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ವೈಟ್, ದುಭಾಷಿಯಿಲ್ಲದೆ ತರಗತಿಯ ಮಾತಿನಲ್ಲಿ ಅರ್ಧದಷ್ಟೂ ಈ ಬಾಲಕಿಗೆ ದಕ್ಕುತ್ತಿಲ್ಲವೆಂಬುದನ್ನು ನೆನಪಿಸಿದರು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಸೋಲಲ್ಲ, ಅದರ ಕಾರಣ. ಏಮಿಯ ಪರಿಶ್ರಮವೇ ಅವಳ ವಿರುದ್ಧ ಸಾಕ್ಷ್ಯವಾಯಿತು. ಅರ್ಧ ಪಾಠ ಕೇಳಿ ತೇರ್ಗಡೆಯಾದವಳಿಗೆ ಉಳಿದರ್ಧ ಬೇಕಿಲ್ಲವೆಂದು ವಾದಿಸುವುದು ಲೆಕ್ಕಕ್ಕೆ ಸರಿಯಿರಬಹುದು, ನ್ಯಾಯಕ್ಕೆ ಸರಿಯೆನಿಸದು.

ಮುಂದೆ ‘ಒಂದಿಷ್ಟು ಪ್ರಯೋಜನ’ವೆಂಬುದನ್ನು ಕೆಲವು ನ್ಯಾಯಾಲಯಗಳು ‘ಏನೋ ಅಷ್ಟಿಷ್ಟು’ ಎಂಬಲ್ಲಿಗೆ ಇಳಿಸಿದವು. 2017ರಲ್ಲಿ, ಕೊಲರಾಡೊ ರಾಜ್ಯದ ಆಟಿಸಂ ಇರುವ ಬಾಲಕನೊಬ್ಬನ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಪ್ರತಿ ಮಗುವಿನ ಗುರಿಯೂ ಅದರ ಪರಿಸ್ಥಿತಿಗೆ ತಕ್ಕಂತೆ ಎತ್ತರದ್ದಾಗಿರಬೇಕೆಂದು ವಿಧಿಸಿತು. ‘ಒಂದಿಷ್ಟು’ ಎಂಬಲ್ಲಿಂದ ‘ತಕ್ಕಷ್ಟು’ ಎಂಬಲ್ಲಿಗೆ ಬರಲು ಮೂವತ್ತೈದು ವರ್ಷಗಳು ಹಿಡಿದವು.

ಏಮಿ ರೌಲಿ ಮುಂದೆ ಸಂಜ್ಞಾಭಾಷೆಯ ಅಧ್ಯಾಪಕಿಯಾದರು. ಹಾಗೆಂದು ಆ ತೀರ್ಪು ಸರಿಯಾಗಿತ್ತೆಂದು ನಾವು ಸಮಾಧಾನಪಡಬೇಕಾಗಿಲ್ಲ. ತಾನಾಗಿ ಈಜಿ ದಡ ಸೇರಿದವರನ್ನು ತೋರಿಸಿ, ದೋಣಿ ಬೇಡವೆನ್ನುವುದು ಯಾವ ಕಾಲಕ್ಕೂ ಉಚಿತವಲ್ಲ.