ಸೋಲೆಂಟ್ ಕೆಸರಿನಲ್ಲಿ ಮೇರಿ ರೋಸ್: ಮುಳುಗುಗಾರಿಕೆಯ ನಾಲ್ಕು ಶತಮಾನಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ವೈಟ್ ದ್ವೀಪಕ್ಕೂ ನಡುವೆ ಹರಡಿಕೊಂಡಿರುವ ಸೋಲೆಂಟ್ ಜಲಸಂಧಿಯು ಹೆಚ್ಚು ಆಳವಾದುದಲ್ಲ. ಆದರೆ ಅದರ ಕೊರೆಯುವ ತಣ್ಣೀರು, ಕದಡಿದ ಕೆಸರು ಮತ್ತು ಉಬ್ಬರವಿಳಿತಗಳೊಂದಿಗೆ ದಿಕ್ಕು ಬದಲಿಸುವ ಸೆಳೆತಗಳು ಅಲ್ಲಿ ನೀರಿಗಿಳಿದವರನ್ನು ಸದಾ ಪರೀಕ್ಷಿಸುತ್ತ ಬಂದಿವೆ. ಮುಳುಗುಗಾರಿಕೆಯೆಂಬ ಕಸುಬು ಲೋಹ ಎತ್ತುವ ಕೂಲಿಯಿಂದ ಗತಕಾಲವನ್ನು ಅರಿಯುವ ವಿದ್ಯೆಯಾಗಿ ಬೆಳೆದ ಬಗೆಯನ್ನು ಈ ಜಲಸಂಧಿಯಲ್ಲಿ ಮುಳುಗಿದ ಮೇರಿ ರೋಸ್ ಎಂಬ ಒಂದೇ ಹಡಗಿನ ಚರಿತ್ರೆಯಲ್ಲಿ ಸ್ಪಷ್ಟವಾಗಿ ಗುರುತಿಸಬಹುದು.

ದೊರೆ ಎಂಟನೆಯ ಹೆನ್ರಿಯ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಕಟ್ಟಲಾದ ಈ ಯುದ್ಧನೌಕೆಯು 1545ರ ಜುಲೈ 19ರಂದು, ಫ್ರೆಂಚ್ ನೌಕಾಪಡೆಯೊಂದಿಗಿನ ಕಾಳಗದ ನಡುವೆ, ದಡದ ಮೇಲಿದ್ದ ದೊರೆಯ ಕಣ್ಣೆದುರೇ ಬಲಕ್ಕೆ ವಾಲಿ ಮುಳುಗಿತು. ಬೀಸಿದ ಗಾಳಿ, ತಿರುವಿನ ವೇಗ, ಹೆಚ್ಚಿದ ಭಾರ, ತೆರೆದೇ ಇದ್ದ ಕೆಳ ಅಂತಸ್ತಿನ ಫಿರಂಗಿ ಕಿಂಡಿಗಳು ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಶತ್ರುಗಳು ಹಡಗಿಗೆ ಹತ್ತದಂತೆ ಮೇಲ್ಗಡೆ ಬಿಗಿದಿದ್ದ ಬಲೆಯೇ ಒಳಗಿದ್ದವರ ದಾರಿಯನ್ನು ಮುಚ್ಚಿದ್ದರಿಂದ, ಸುಮಾರು 500 ಜನರ ಪೈಕಿ ಬದುಕುಳಿದವರು 40ಕ್ಕೂ ಕಡಿಮೆ.

ಹಡಗು ಬಿದ್ದ ಜಾಗದ ಆಳ, ನೀರಿನ ಏರಿಳಿತಕ್ಕೆ ತಕ್ಕಂತೆ, ಸುಮಾರು 11ರಿಂದ 14 ಮೀಟರ್ ಮಾತ್ರವಾದ್ದರಿಂದ ಅದನ್ನು ಎತ್ತುವ ಯತ್ನ ಕೂಡಲೇ ಆರಂಭವಾಯಿತು. ಇಳಿತದ ವೇಳೆ ಮುಳುಗಿದ ಹಡಗಿಗೆ ಹಗ್ಗ ಬಿಗಿದು, ಅದರ ಇಕ್ಕೆಲಗಳ ಎರಡು ಖಾಲಿ ಹಡಗುಗಳಿಗೆ ಕಟ್ಟಿ, ಉಬ್ಬರದ ಬಲದಿಂದಲೇ ಮೇಲೆತ್ತಲು ವೆನಿಸ್‌ನ ಕುಶಲಿಗಳು ಹೂಡಿದ ಉಪಾಯವು ವಿಫಲವಾಯಿತು. ಆ ಬಳಿಕ 1547ರ ಸುಮಾರಿಗೆ ಪಿಯೆರೊ ಪಾವೊಲೊ ಕೋರ್ಸಿ ಎಂಬ ವೆನಿಸ್ ಮೂಲದ ಗುತ್ತಿಗೆದಾರನ ತಂಡವು ಉಸಿರು ಬಿಗಿಹಿಡಿದು ಮುಳುಗುವವರ ನೆರವಿನಿಂದ ಕೆಲವು ಫಿರಂಗಿಗಳನ್ನು ಹೊರತೆಗೆಯಿತು. ಆ ತಂಡದಲ್ಲಿ ಪ್ರಮುಖನಾಗಿದ್ದವನು ಪಶ್ಚಿಮ ಆಫ್ರಿಕಾದ ಗಿನಿ ತೀರದಿಂದ ಬಂದ ಜಾಕ್ ಫ್ರಾನ್ಸಿಸ್. ಕೋರ್ಸಿಯ ಮೇಲೆ ಹೂಡಲಾದ ಮೊಕದ್ದಮೆಯಲ್ಲಿ, 1548ರಲ್ಲಿ, ಈತ ನೌಕಾ ನ್ಯಾಯಾಲಯದ ಮುಂದೆ ಸಾಕ್ಷಿ ನುಡಿದನು. ಗುಲಾಮನ ಮಾತಿಗೆ ಬೆಲೆಯಿಲ್ಲವೆಂದು ಎದುರಾಳಿಗಳು ಆಕ್ಷೇಪಿಸಿದರೂ ಆತನ ಹೇಳಿಕೆ ದಾಖಲಾಯಿತು. ಮುಳುಗುಗಾರಿಕೆಯ ಇತಿಹಾಸವು ಯಂತ್ರ ಕಂಡುಹಿಡಿದವರ ಹೆಸರುಗಳಿಂದ ಆರಂಭವಾಗುವುದೇ ರೂಢಿಯಾದರೂ, ನ್ಯಾಯವಾಗಿ ಅದು ಜಾಕ್ ಫ್ರಾನ್ಸಿಸ್‌ನಂಥವರಿಂದ ಆರಂಭವಾಗಬೇಕು.

ಮುಂದಿನ ಹಂತಕ್ಕೆ ಸುಮಾರು ಮೂರು ಶತಮಾನಗಳೇ ಬೇಕಾದವು. ಹೊಗೆ ತುಂಬಿದ ಕಟ್ಟಡಗಳೊಳಗೆ ಹೋಗಲೆಂದು 1820ರ ದಶಕದಲ್ಲಿ ಚಾರ್ಲ್ಸ್ ಡೀನ್ ರೂಪಿಸಿದ ಲೋಹದ ಶಿರಸ್ತ್ರಾಣವನ್ನು ಆತನೂ ಸೋದರ ಜಾನ್ ಡೀನನೂ ನೀರಿನ ಕೆಲಸಕ್ಕೆ ಹೊಂದಿಸಿದರು. ಮೇಲಿನ ದೋಣಿಯಿಂದ ಕೈಪಂಪಿನ ಮೂಲಕ ಕೊಳವೆಯಲ್ಲಿ ಬರುತ್ತಿದ್ದ ಗಾಳಿಯು ಶಿರಸ್ತ್ರಾಣವನ್ನು ತುಂಬಿ, ಕೆಳಗಿನ ತೆರಪಿನಿಂದ ಹೊರಹೋಗುತ್ತಿತ್ತು. ಹೀಗೆ ಕೆಳಗೆ ತೆರೆದೇ ಇದ್ದ ಈ ಸಾಧನ ತೊಟ್ಟವನು ಎಡವಿ ಬಿದ್ದರೆ ನೀರು ಒಳನುಗ್ಗುವ ಅಪಾಯವಿತ್ತು. 1836ರಲ್ಲಿ ಮೀನುಗಾರರ ಸಲಕರಣೆಗಳು ಸೋಲೆಂಟ್ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಾಗ ಕೆಳಗಿಳಿದು ನೋಡಿದ ಡೀನ್ ಸೋದರರಿಗೆ ಮೇರಿ ರೋಸ್‌ನ ಕಂಚಿನ ಫಿರಂಗಿ ದೊರೆಯಿತು. ಅವರು ಕೆಲವು ಫಿರಂಗಿಗಳನ್ನೂ ಬಿಲ್ಲುಗಳನ್ನೂ ಹೊರತಂದರಾದರೂ ಕೆಸರನ್ನು ಸೀಳಲು ಸಿಡಿಮದ್ದನ್ನೂ ಬಳಸಿದರು. 1840ರ ನಂತರ ಆ ಸ್ಥಳ ಜನರ ನೆನಪಿನಿಂದಲೇ ಮಾಸಿಹೋಯಿತು.

ಇದೇ ಅವಧಿಯಲ್ಲಿ, ಸಮೀಪದಲ್ಲೇ 1782ರಲ್ಲಿ ಮುಳುಗಿದ್ದ ರಾಯಲ್ ಜಾರ್ಜ್ ನೌಕೆಯ ಅವಶೇಷವು ಹಡಗುಗಳ ತಂಗುದಾಣಕ್ಕೆ ಅಡ್ಡಿಯೆಂದು ಅದನ್ನು ಒಡೆದು ತೆಗೆಯುವ ಹೊಣೆಯನ್ನು ಸೇನೆಯ ಎಂಜಿನಿಯರ್ ಕರ್ನಲ್ ಚಾರ್ಲ್ಸ್ ಪಾಸ್ಲಿಗೆ ಒಪ್ಪಿಸಲಾಗಿತ್ತು. 1839ರಿಂದ ಹಲವು ವರ್ಷ ನಡೆದ ಈ ಕಾರ್ಯದಲ್ಲಿ ಸಿಡಿಮದ್ದನ್ನು ವಿದ್ಯುತ್ತಿನಿಂದ ಸ್ಫೋಟಿಸಲಾಯಿತು. ಶಿರಸ್ತ್ರಾಣವನ್ನು ನೀರು ನುಸುಳದ ಉಡುಪಿಗೆ ಬಿಗಿಯಾಗಿ ಜೋಡಿಸಿದ ಆಗಸ್ಟಸ್ ಸೀಬೆಯ ಮುಚ್ಚು ಉಡುಪು ತನ್ನ ಯೋಗ್ಯತೆಯನ್ನು ಸಾಬೀತುಪಡಿಸಿತು. ದೀರ್ಘಕಾಲ ತಣ್ಣೀರಿನಲ್ಲಿ ದುಡಿದ ಸೈನಿಕರು ಕೀಲುನೋವಿನಿಂದ ನರಳಿದರೆಂಬುದೂ ದಾಖಲಾಗಿದೆ. ಅದಕ್ಕೆ ಚಳಿಯೊಂದೇ ಕಾರಣವಲ್ಲ, ಒತ್ತಡದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಸೇರಿದ ಸಾರಜನಕವು ಮೇಲೆ ಬರುವಾಗ ಗುಳ್ಳೆಗಳಾಗುವುದೂ ಕಾರಣವೆಂಬ ತಿಳಿವು ಆಗ ಇನ್ನೂ ಮೂಡಿರಲಿಲ್ಲ.

ಗಾಳಿಯ ಕೊಳವೆಯ ಹಂಗನ್ನು ಕಳಚಿದ್ದು 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ರೂಪಿಸಿದ ಅಕ್ವಾಲಂಗ್. ಬೆನ್ನ ಮೇಲಿನ ಸಿಲಿಂಡರಿನಿಂದ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ, ಉಸಿರೆಳೆದಾಗಲೆಲ್ಲ ಗಾಳಿಯೊದಗಿಸುವ ಈ ಸಾಧನವೇ ಸ್ಕೂಬಾ ಪದ್ಧತಿಯನ್ನು ಸಾಮಾನ್ಯರ ಕೈಗೆ ತಂದಿತು. ಆದರೆ ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಶಾಖವನ್ನು ಸೆಳೆದೊಯ್ಯುವ ನೀರಿನಲ್ಲಿ, ಸಿಲಿಂಡರಿನ ಗಾಳಿ ಮುಗಿಯುವ ಮೊದಲೇ ಬೆರಳುಗಳು ಮರಗಟ್ಟುತ್ತಿದ್ದವು. ಸಣ್ಣ ಗುಳ್ಳೆಗಳನ್ನು ಒಳಗೊಂಡ ನಿಯೊಪ್ರೀನ್ ರಬ್ಬರಿನ ಉಡುಪು 1950ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಮೈಗೂ ಉಡುಪಿಗೂ ನಡುವೆ ಸಿಕ್ಕ ತೆಳು ನೀರು ಮೈಶಾಖದಿಂದಲೇ ಬೆಚ್ಚಗಾಗಿ, ತಣ್ಣನೆಯ ಸಮುದ್ರದಲ್ಲೂ ಕೈಗಳು ನಿಧಾನವಾಗಿ, ನಯವಾಗಿ ಕೆಲಸ ಮಾಡುವುದು ಸಾಧ್ಯವಾಯಿತು.

ಈ ಅನುಕೂಲಗಳನ್ನು ಶೋಧನೆಗೆ ತಿರುಗಿಸಿದವನು ಲೇಖಕ ಹಾಗೂ ಹವ್ಯಾಸಿ ಮುಳುಗುಗಾರ ಅಲೆಕ್ಸಾಂಡರ್ ಮೆಕೀ. 1965ರಲ್ಲಿ ಹುಡುಕಾಟ ಆರಂಭಿಸಿದ ಆತನ ತಂಡಕ್ಕೆ 1841ರ ನೌಕಾನಕ್ಷೆಯೊಂದು ಜಾಗ ತೋರಿಸಿತು. ಕೆಸರಿನೊಳಕ್ಕೆ ಧ್ವನಿತರಂಗ ಹಾಯಿಸುವ ಯಂತ್ರಗಳು ಹೂತ ವಸ್ತುವಿನ ಸುಳಿವು ಕೊಟ್ಟವು. 1971ರಲ್ಲಿ ಹಡಗಿನ ಪಕ್ಕೆಲುಬಿನಂಥ ಮರದ ಚೌಕಟ್ಟುಗಳು ಕಣ್ಣಿಗೆ ಬಿದ್ದವು. ಅವಶೇಷಗಳನ್ನು ರಕ್ಷಿಸುವ ಕಾನೂನೇ ಇಲ್ಲದ ಆ ದಿನಗಳಲ್ಲಿ ತಂಡವು ವರ್ಷಕ್ಕೊಂದು ಪೌಂಡ್ ಬಾಡಿಗೆಗೆ ಸಮುದ್ರತಳವನ್ನೇ ಗೇಣಿಗೆ ಪಡೆದಿತ್ತು. ಬ್ರಿಟನ್ನಿನ ನೌಕಾವಶೇಷ ಸಂರಕ್ಷಣಾ ಕಾಯಿದೆ ಬಂದದ್ದು 1973ರಲ್ಲಿ.

ಉತ್ಖನನದ ನೇತೃತ್ವ ವಹಿಸಿದ ಪುರಾತತ್ವಜ್ಞೆ ಮಾರ್ಗರೆಟ್ ರೂಲ್, ಇತರರ ವರದಿಯನ್ನು ನೆಚ್ಚಿ ದಡದಲ್ಲಿ ಕುಳಿತಿರಲು ಒಪ್ಪದೆ, ನಡುವಯಸ್ಸಿನಲ್ಲಿ ತಾವೇ ಮುಳುಗುವುದನ್ನು ಕಲಿತರು. 1979ರಿಂದ 1982ರವರೆಗೆ 500ಕ್ಕೂ ಹೆಚ್ಚು ಸ್ವಯಂಸೇವಕರು ನೀರಿಗಿಳಿದರು. ಒಟ್ಟು ಇಳಿತಗಳ ಸಂಖ್ಯೆ 28,000ದ ಸಮೀಪ ಮುಟ್ಟಿತು. ಆಳ ಕಡಿಮೆಯಿದ್ದುದರಿಂದ ಒಂದೊಂದು ಇಳಿತದಲ್ಲೂ ಸಾಕಷ್ಟು ಹೊತ್ತು ತಳದಲ್ಲಿರಬಹುದಾಗಿತ್ತು. ಮುಳುಗುಗಾರನು ತನಗೆ ಗೊತ್ತುಪಡಿಸಿದ ಚೌಕದ ಮೇಲೆ ತೇಲುತ್ತ, ಅಂಗೈಯಿಂದ ಮೆಲ್ಲಗೆ ನೀರು ಬೀಸಿ ಹೂಳನ್ನು ಸಡಿಲಿಸುತ್ತಿದ್ದನು. ಕೆಳತುದಿಯಲ್ಲಿ ಒತ್ತಡದ ಗಾಳಿ ಬಿಟ್ಟು ಮೇಲ್ಮುಖ ಸೆಳೆತ ಹುಟ್ಟಿಸುವ ದಪ್ಪ ಕೊಳವೆಯೊಂದು ಆ ರಾಡಿಯನ್ನು ಹೀರಿ ದೂರಕ್ಕೆ ಸಾಗಿಸುತ್ತಿತ್ತು. ಕಂಡ ವಸ್ತುವನ್ನು ಅಲ್ಲೇ ಅಳೆದು, ಅದರ ಸ್ಥಾನವನ್ನು ದಾಖಲಿಸಿಕೊಂಡ ಮೇಲಷ್ಟೇ ಅದನ್ನು ಕದಲಿಸಲಾಗುತ್ತಿತ್ತು.

ಮರ ಕೊರೆಯುವ ಜೀವಿಗಳೂ ಸೆಳೆತಗಳೂ ಮೇಲಿದ್ದ ಎಡಭಾಗವನ್ನು ತಿಂದುಹಾಕಿದ್ದರೂ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಹೂತಿದ್ದ ಬಲಭಾಗ ಉಳಿದುಕೊಂಡಿತ್ತು. ಅಲ್ಲಿ ದೊರೆತ 19,000ಕ್ಕೂ ಹೆಚ್ಚು ವಸ್ತುಗಳಲ್ಲಿ ಶಸ್ತ್ರವೈದ್ಯನ ಪೆಟ್ಟಿಗೆ, ಬಾಚಣಿಗೆಗಳು, ಚರ್ಮದ ಪಾದರಕ್ಷೆಗಳು ಮತ್ತು ನೂರಕ್ಕೂ ಮಿಕ್ಕ ನೀಳಬಿಲ್ಲುಗಳಿದ್ದವು. ಆ ಕಾಲದ ಇಂಗ್ಲಿಷ್ ಬಿಲ್ಲುಗಳು ಅದುವರೆಗೆ ಬಹುತೇಕ ಚಿತ್ರ ಮತ್ತು ಬರಹಗಳಿಂದಷ್ಟೇ ತಿಳಿದಿದ್ದವು. ಬಾಲ್ಯದಿಂದಲೂ ಭಾರವಾದ ಬಿಲ್ಲನ್ನು ಎಳೆದುದರ ಫಲವೆಂದು ಪರಿಣತರು ಭಾವಿಸುವ ಬದಲಾವಣೆಗಳು ಕೆಲವರ ಭುಜದ ಮೂಳೆಗಳಲ್ಲಿ ಕಂಡುಬಂದವು. 1982ರ ಅಕ್ಟೋಬರ್ 11ರಂದು ಉಕ್ಕಿನ ಚೌಕಟ್ಟಿಗೆ ತೂಗುಹಾಕಿದ ಹಡಗಿನ ಭಾಗವು ಮೇಲೆ ಬಂದಿತು. ನೀರು ಹೀರಿದ ಮರ ಒಣಗಿದರೆ ಬಿರಿದು ಕುಗ್ಗುವುದರಿಂದ ಅದಕ್ಕೆ ಮೊದಲು ತಂಪು ನೀರನ್ನೂ, 1994ರಿಂದ 2013ರವರೆಗೆ ಮರದ ಕೋಶಗಳನ್ನು ತುಂಬಿ ನಿಲ್ಲಿಸುವ ಮೇಣದಂಥ ರಾಸಾಯನಿಕವನ್ನೂ ಸಿಂಪಡಿಸಲಾಯಿತು.

ಮೇರಿ ರೋಸ್ ಬಿದ್ದ ಆಳವು ಜಾಕ್ ಫ್ರಾನ್ಸಿಸ್‌ಗೂ ಡೀನ್ ಸೋದರರಿಗೂ ರೂಲ್ ಅವರಿಗೂ ಒಂದೇ ಆಗಿತ್ತು. ಬದಲಾದದ್ದು ಉಪಕರಣ ಮಾತ್ರವಲ್ಲ, ಅಲ್ಲಿಗೆ ಇಳಿದ ಉದ್ದೇಶವೂ ಹೌದು: ಮೊದಲು ಬೆಲೆಯಿದ್ದದ್ದು ಕಂಚಿಗೆ, ಕೊನೆಗೆ ಹೆಸರು ಉಳಿಯದೆ ಹೋದ ನಾವಿಕನೊಬ್ಬನ ಬಾಚಣಿಗೆಗೂ. ಆಳವಿಲ್ಲದ ನೀರಿನ ಅವಶೇಷ ಯಾರ ಕೈಗಾದರೂ ಎಟುಕುವುದರಿಂದಲೇ ಅದಕ್ಕೆ ಅಪಾಯವೂ ಹೆಚ್ಚು. ಮುಳುಗಿದ ಪರಂಪರೆಯನ್ನು ಸಾಧ್ಯವಾದಷ್ಟೂ ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದು 2001ರ ಯುನೆಸ್ಕೋ ಒಡಂಬಡಿಕೆ ಹೇಳುತ್ತದೆ. ನೂರಾರು ಜನರ ಸಮಾಧಿಯೂ ಆಗಿರುವ ಇಂಥ ತಾಣಕ್ಕೆ ಇಳಿಯುವ ಹಕ್ಕು, ಕಂಡದ್ದನ್ನು ದಾಖಲಿಸಿ ಎಲ್ಲರ ಅರಿವಿಗೆ ಒಪ್ಪಿಸುವ ಹೊಣೆಯೊಂದಿಗೇ ಬರಬೇಕು. ಸೋಲೆಂಟ್‌ನ ಸ್ವಯಂಸೇವಕರು ತಮ್ಮ ಸಾವಿರಾರು ಇಳಿತಗಳಿಂದ ಆ ಹೊಣೆಯನ್ನು ಹೊರಬಹುದೆಂದು ತೋರಿಸಿಕೊಟ್ಟರು.